ಒಂದು ಒಣಗುವಾಗ ಇನ್ನೊಂದು: ಬೆಳಗ್ಗಿನ ಮುಕ್ಕಾಲು ಗಂಟೆಯ ಲೆಕ್ಕ

ಬೆಳಗ್ಗೆ 45 ನಿಮಿಷದಲ್ಲಿ ಗೋಡೆಯ ಸಾರಣೆಯೂ ಆಗುವುದಿಲ್ಲ, ಯಕ್ಷಗಾನ ವೇಷದ ಭುಜಕೀರ್ತಿಯ (ಭುಜದ ಆಭರಣ) ಕೆತ್ತನೆಯೂ ಆಗುವುದಿಲ್ಲ ಎಂದವರು ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಬೇಕಾದಷ್ಟು ಜನ ಇದ್ದರು. "ಗರಗಸ ಹುಡುಕುವಾಗಲೇ ಹೊತ್ತು ಹೋಗ್ತದೆ ಮಾರಾಯಾ" ಎಂಬ ಮಾತಿನಲ್ಲಿ ಅರ್ಧ ನಿಜವೂ ಉಂಟು. ಆದರೂ ನವೆಂಬರಿನಿಂದ ಮೇ ತನಕ 70 ಚಿಲ್ಲರೆ ಬೆಳಗು, ಅಂದರೆ 50 ಗಂಟೆಗಿಂತ ಸ್ವಲ್ಪ ಹೆಚ್ಚು, ಕೈಗೆ ಸಿಕ್ಕಿತು. ಅಷ್ಟರಲ್ಲಿ ಅಡುಗೆಮನೆಯ ಹಿಂದಿನ ಗೋಡೆಗೆ ಹೊಸ ಸಾರಣೆ, ಎರಡು ಕಿಟಕಿಗೆ ಬಣ್ಣ, ಕೊಟ್ಟಿಗೆಯ ಮಾಡಿಗೆ 18–20 ಹಂಚು, ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಅಳತೆಯ ಒಂದು ಜೊತೆ ಭುಜಕೀರ್ತಿ ಮುಗಿಯಿತು. ಕಿವಿಯ ಆಭರಣ ಕರ್ಣಪತ್ರ ಅರ್ಧದಲ್ಲಿ ಉಂಟು.

ಮೊದಲು ಸೋತದ್ದನ್ನು ಹೇಳಿಬಿಡುತ್ತೇನೆ. ಆದಿತ್ಯವಾರವನ್ನು ನಂಬಿ ಒಂದು ವರ್ಷ ಹಾಳಾಯಿತು. ಮದುವೆ, ಗೃಹಪ್ರವೇಶ, ಕೋಲ, ಯಕ್ಷಗಾನದ ಆಟ ಎಲ್ಲ ಬಂದು ಬೀಳುವುದು ಅದೇ ದಿನ. ಹತ್ತರಲ್ಲಿ ಮೂರು ಆದಿತ್ಯವಾರ ಉಳಿದರೆ ಪುಣ್ಯ. ರಾತ್ರಿ ಊಟದ ಮೇಲೆ ಕೆತ್ತಲು ಕೂತರೆ ಬಲ್ಬಿನ ನೆರಳು ಉಳಿಯ ಬಾಯಿಯ ಮೇಲೆಯೇ ಬೀಳುತ್ತದೆ. ಎರಡು ತುಂಡು ಮರ, ಒಂದು ಬೆರಳು ಆ ಲೆಕ್ಕಕ್ಕೆ ಹೋಯಿತು. ಜುಲೈಯಲ್ಲಿ ಕಿಟಕಿಗೆ ಎನಾಮಲ್ ಹಚ್ಚಿದ್ದು ಇನ್ನೂ ದೊಡ್ಡ ದಡ್ಡತನ. ಮೇಲೆ ಕೆನೆ ಕಟ್ಟಿತು, ಒಳಗೆ ಹತ್ತು ದಿನವೂ ಅಂಟುತ್ತಲೇ ಇತ್ತು. ಕೆರೆದು ತೆಗೆದು ಪುನಃ ಹಚ್ಚಿದ್ದಕ್ಕೆ 1,800 ರೂಪಾಯಿಯ ಹತ್ತಿರ ದಂಡ.

ತಪ್ಪು ಎಲ್ಲಿ ಎಂದು ಗೊತ್ತಾದದ್ದು ಅಂಗಳದ ಅಡಿಕೆಯಿಂದ. ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ) 40 ದಿನ ಒಣಗುತ್ತದೆ ಎಂದು ಯಾರೂ ಅದರ ಎದುರು ಕೂತು ಕಾಯುವುದಿಲ್ಲ. ಮಗುಚಿ ಹಾಕಿ ಬೇರೆ ಕೆಲಸಕ್ಕೆ ಹೋಗುತ್ತಾರೆ. ಮನೆ ರಿಪೇರಿಯಲ್ಲೂ ಕೈ ಆಡುವ ಹೊತ್ತು ಕಡಿಮೆ, ಒಣಗುವ ಹೊತ್ತೇ ಜಾಸ್ತಿ. ಹಾಗಾಗಿ ಒಂದು ಒಣಗುವ ಕೆಲಸ, ಒಂದು ಕೆತ್ತುವ ಕೆಲಸ, ಎರಡನ್ನೂ ಜೋಡಿ ಮಾಡಿ ನಡೆಸುವುದು. ಮೂರನೆಯದನ್ನು ಸೇರಿಸಿದರೆ ಮೂರೂ ಕೆಡುತ್ತವೆ, ನೋಡಿದ್ದೇನೆ.

ಹೊತ್ತನ್ನು ತಿನ್ನುವುದು ಸಾಮಾನು ತೆಗೆದು ಇಡುವ ಕೆಲಸ. ಅಳೆದು ನೋಡಿದಾಗ 45 ನಿಮಿಷದಲ್ಲಿ 25 ಅದಕ್ಕೇ ಹೋಗುತ್ತಿತ್ತು. ಈಗ ಒಂದೊಂದು ಕೆಲಸಕ್ಕೆ ಒಂದೊಂದು ಬಾಲ್ದಿ. ಸಾರಣೆಯ ಬಾಲ್ದಿಯಲ್ಲಿ ಕರಣೆ, ಮಟ್ಟಗೋಲು, ಗುದ್ದುಳಿ, ತಂತಿ ಬ್ರಷ್ಷು, 1 ಲೀಟರಿನ ಅಳತೆ ಡಬ್ಬ. ಕೆತ್ತನೆಯದರಲ್ಲಿ ಐದು ಉಳಿ, ಕೊಡತಿ, ಅರ, ಸಾಣೆಕಲ್ಲು. ಎರಡಕ್ಕೂ ಬೇಕಾಗುವ ಸುತ್ತಿಗೆ, ಪೆನ್ಸಿಲುಗಳನ್ನು ಎರಡೆರಡು ತೆಗೆದುಕೊಳ್ಳಿ. 400–500 ರೂಪಾಯಿ ಹೆಚ್ಚು ಹೋಗುತ್ತದೆ, ಅಲ್ಲಿ ಜಿಪುಣತನ ಬೇಡ. ಉಳಿ ಮಸೆಯುವುದು ಕೆಲಸ ಮುಗಿಸಿ ಏಳುವ ಮೊದಲು, ಮರುದಿನ ಕೂತ ಮೇಲೆ ಅಲ್ಲ. ನಾಳೆ ಉಳಿ ಇಡುವ ಜಾಗಕ್ಕೆ ಇವತ್ತೇ ಗುರುತು ಹಾಕಿ ಏಳುವುದು; ನಿದ್ದೆಗಣ್ಣಿನಲ್ಲಿ "ಎಲ್ಲಿಂದ ಶುರು" ಎಂದು ಯೋಚಿಸುತ್ತ ಹತ್ತು ನಿಮಿಷ ಹೋಗುವುದು ತಪ್ಪುತ್ತದೆ.

ಗೋಡೆಯ ವಿಷಯ. ಮುರಕಲ್ಲಿನ (ಕೆಂಪುಕಲ್ಲು) ಗೋಡೆ, 12 ಅಡಿ ಉದ್ದ, ಸುಮಾರು 7 ಅಡಿ ಎತ್ತರ. ತಟ್ಟಿದಲ್ಲಿ ಟೊಳ್ಳು ಸದ್ದು ಬಂದ ಸಾರಣೆಯನ್ನೆಲ್ಲ ಕಲ್ಲಿನ ತನಕ ಕಿತ್ತು, ಸಂದುಗಳನ್ನು ಅರ್ಧ ಇಂಚು ಕೆರೆದು, ಹುಡಿ ತೆಗೆಯಲು ಐದು ಬೆಳಗು ಬೇಕಾಯಿತು. ಇದನ್ನು ಶನಿವಾರ ಏಳು ಗಂಟೆಯ ಮೇಲೆ ಮಾಡುವುದು ಕ್ಷೇಮ, ಇಲ್ಲದಿದ್ದರೆ ಮನೆಯವರೇ ಹೊರಗೆ ಹಾಕುತ್ತಾರೆ. ಮತ್ತೆ 1 ಪಾಲು ಸಿಮೆಂಟಿಗೆ 2 ಪಾಲು ಮರಳಿನ ತೆಳು ಗಾರೆಯನ್ನು ಎರಚಿ ಒರಟು ಪದರ, ಮರುದಿನ ಸಾರಣೆ. ಒಂದು ಬೆಳಗಿಗೆ 9–10 ಚದರಡಿ ಮಾತ್ರ. ಅದಕ್ಕೆ 3 ಡಬ್ಬ ಸಿಮೆಂಟು, 15 ಡಬ್ಬ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ದಪ್ಪ ಅರ್ಧ ಇಂಚು. ಆಸೆಯಿಂದ ಹೆಚ್ಚು ಕಲಸಿದರೆ ಅರ್ಧ ಗಂಟೆ ದಾಟುವಾಗ ಗಾರೆ ಬಿಗಿಯಲು ತೊಡಗುತ್ತದೆ, ನೀರು ಹಾಕಿ ಮೆತ್ತಗೆ ಮಾಡಿದರೆ ಬಲ ಹೋಯಿತು. ಹಾಗೆ ನೋಡಿದರೆ ಸಿಮೆಂಟಿಗೂ ನಮ್ಮ ಮುಕ್ಕಾಲು ಗಂಟೆಗೂ ಜಾತಕ ಕೂಡಿಬರುತ್ತದೆ.

ಮುರಕಲ್ಲು ನೀರು ಕುಡಿಯುವುದು ನಿಮಗೆಲ್ಲ ಗೊತ್ತು. ಹಿಂದಿನ ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ನೆನೆಸದಿದ್ದರೆ ಗಾರೆಯ ನೀರನ್ನೇ ಎಳೆದುಕೊಂಡು ಸಾರಣೆ ಹುಡಿಯಾಗುತ್ತದೆ. ನನ್ನನ್ನು ಕಾಡಿದ್ದು ಅದಲ್ಲ, ದಿನದಿನದ ಜೋಡಣೆ. ಮೊದಲ ನಾಲ್ಕು ದಿನದ ಅಂಚುಗಳನ್ನು ನೆಟ್ಟಗೆ ಕತ್ತರಿಸಿದ್ದೆ. ಪ್ರತಿ ಅಂಚಿನಲ್ಲಿ ಕೂದಲಿನಷ್ಟು ಬಿರುಕು ಬಂತು. ಅಂಚನ್ನು ಓರೆಯಾಗಿ ತೆಳುಗೊಳಿಸಿ ಬಿಟ್ಟು, ಮರುದಿನ ಅದರ ಮೇಲೆ ಸಿಮೆಂಟಿನ ಹಾಲು ಬಳಿದು ಮುಂದುವರಿಸಿದ ಮೇಲೆ ನಿಂತಿತು. ಏಳು ದಿನ ಎರಡು ಹೊತ್ತು ನೀರು. ಬಣ್ಣಕ್ಕೆ ಕಡಿಮೆಯೆಂದರೆ ಒಂದು ತಿಂಗಳು ತಾಳಬೇಕು, ಆ ಒಂದು ತಿಂಗಳು ಪೂರಾ ಕೆತ್ತನೆಯ ಪಾಲು.

ಖರ್ಚು 1,600 ರೂಪಾಯಿಯ ಆಸುಪಾಸು. ಅದರಲ್ಲಿ ಅರ್ಧ ಚೀಲ ಸಿಮೆಂಟು ಬಾಯಿ ಕಟ್ಟದೆ ಇಟ್ಟು ಗಟ್ಟಿಯಾದದ್ದೂ ಸೇರಿದೆ. ಬಿಗಿ ಮುಚ್ಚಳದ ಡ್ರಮ್ಮು ಮೊದಲೇ ತರಬೇಕಿತ್ತು. ಈ ಕಡೆ ಮೇಸ್ತ್ರಿಯ ದಿನಗೂಲಿ ಸಾವಿರ ದಾಟಿದೆ, ಸಹಾಯಕನದ್ದು ಬೇರೆ. ನನ್ನದು ಮೇಸ್ತ್ರಿಯ ಕೈಯಷ್ಟು ನುಣುಪಿಲ್ಲ. ಬೆಳಕು ಓರೆಯಾಗಿ ಬಿದ್ದರೆ ಅಲೆ ಕಾಣುತ್ತದೆ, ಅಲ್ಲಿಗೆ ಪಾತ್ರೆಯ ಹಲಗೆ ಹೊಡೆದೆ.

ಭುಜಕೀರ್ತಿಗೆ ಹಾಲೆ ಮರ, ಆಟಿ ಅಮಾವಾಸ್ಯೆಗೆ ಕಷಾಯಕ್ಕೆ ಕೆತ್ತೆ (ತೊಗಟೆ) ತೆಗೆಯುವ ಪಾಲೆಯೇ. ಹಗುರ, ಉಳಿಗೆ ಮೆತ್ತಗೆ, ಕೊಡತಿಯ ಪೆಟ್ಟಿಲ್ಲದೆ ಅಂಗೈಯಿಂದ ಒತ್ತಿದರೂ ಹೋಗುತ್ತದೆ, ಆದ್ದರಿಂದ ಐದೂವರೆಗೆ ಕೂತರೆ ಯಾರ ನಿದ್ದೆಯೂ ಕೆಡುವುದಿಲ್ಲ. ಹಸಿ ಹಲಗೆಯಲ್ಲಿ ಕೆತ್ತಿದ ಮೊದಲ ಜೊತೆ ಮೂರು ವಾರದಲ್ಲಿ ಸೀಳಿತು. ಈಗ ಒಂದು ಇಂಚಿನ ಹಲಗೆಯ ಎರಡೂ ತಲೆಗೆ ಹಳೆ ಬಣ್ಣ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ತಿಂಗಳು. ತಲೆಯ ಕಡೆಯಿಂದ ಬೇಗ ಒಣಗುವುದರಿಂದಲೇ ಸೀಳು ಬರುವುದು. ಒಂದು ಬೆಳಗಿಗೆ ಒಂದೇ ಹೂ: ಮೊದಲು ಗೆರೆಯ ಮೇಲೆ ನೆಟ್ಟಗೆ ಕಚ್ಚು, ಮತ್ತೆ ಹೊರಗಿನ ಮರ ತೆಗೆಯುವುದು. ಹೂವಿನ ಒಳಗಿನ ಇಳಿಜಾರು ಮರುದಿನಕ್ಕೆ. ಬೇಗಡೆಯ (ಹೊಳೆಯುವ ತೆಳು ಹಾಳೆ) ಅಡಿಗೆ ಹಚ್ಚುವ ಅಂಟಿನ ಪಾಕವನ್ನು ಇಲ್ಲಿ ಬರೆಯುವುದಿಲ್ಲ. ಬರೇ ಬಿಳಿ ಮರದಂಟು ಸಾಲುವುದಿಲ್ಲ, ವೇಷದ ಬೆವರಿಗೆ ಅಂಚು ಏಳುತ್ತದೆ ಎಂಬಷ್ಟು ಸಾಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಕೂತು ಅಷ್ಟು ಗುಟ್ಟಾದರೂ ಇಟ್ಟುಕೊಳ್ಳಬೇಡವೇ.

ನಡುವೆ ದಾರಿ ತಪ್ಪಿದ್ದೂ ಉಂಟು. ಕೊಟ್ಟಿಗೆಯ ಹಂಚು ತೆಗೆದಾಗ ಪಕಾಸಿಗೆ (ಮಾಡಿನ ಓರೆ ಮರ) ಗೆದ್ದಲು ಕಂಡು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ನೋಡಿದೆ. ಮರ ಕಪ್ಪಾಯಿತು, ವಾಸನೆ ಮೂರು ವಾರ ಹೋಗಲಿಲ್ಲ, ಗೆದ್ದಲು ಈ ತನಕ ತಿರುಗಿ ಬಂದಿಲ್ಲ. ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟು ಸುಲಿಯುತ್ತದೆ. ಗಾರೆ ಕಲಸಲು ಅಡಿಕೆ ಹಾಳೆಯನ್ನೂ ಪರೀಕ್ಷಿಸಿದೆ: ಒಂದು ದಿನಕ್ಕೆ ಚೆನ್ನ, ಎರಡನೇ ದಿನ ಒಡೆಯುತ್ತದೆ. ತೊಳೆಯುವ ಐದು ನಿಮಿಷ ಉಳಿಯುವುದರಿಂದ ಈಗಲೂ ಅದನ್ನೇ ಬಳಸುತ್ತೇನೆ.

ಮಳೆಗೆ ಮೊದಲು ಅಡಿಕೆಗೆ ಮೈಲುತುತ್ತಿನ ಮದ್ದು ಬಿಡುವ ವಾರ ಎರಡೂ ಬಾಲ್ದಿ ಮುಟ್ಟುವುದಿಲ್ಲ, ಸುಮಾರು 45 ದಿನ ಕಳೆದು ಎರಡನೇ ಸಲ ಬಿಡುವಾಗಲೂ ಅಷ್ಟೇ. ಜೂನಿನಿಂದ ಸೆಪ್ಟೆಂಬರ್ ತನಕ ಬಣ್ಣ, ಸಾರಣೆ ಬಂದ್, ಕೆತ್ತನೆ ಮಾತ್ರ. ಅದೂ ಬೇಗಡೆ ಅಂಟಿಸುವ ಹಂತಕ್ಕೆ ಹೋಗಬಾರದು, ಅಂಟಿನ ಅಡಿಯಲ್ಲಿ ಬೂಸು ಹಿಡಿಯುತ್ತದೆ. ಕರ್ಣಪತ್ರ ಈಗ ಬಟ್ಟೆ ಸುತ್ತಿ ಅಟ್ಟದಲ್ಲಿದೆ, ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗು ಮುಗಿದ ಮೇಲೆ ಇಳಿಸುವುದು.