ಕಾರ್ ಸಬ್‌ವೂಫರ್ ವೈರಿಂಗ್: ಮೊದಲು ಓಮ್ ಲೆಕ್ಕ ಹಾಕಿ, ಆಮೇಲೆ ವೈರ್ ಎಳೀರಿ

ಕಾರಿಗೆ ಸಬ್‌ವೂಫರ್ (ಬೇಸ್ ಸದ್ದಿಗೇ ಅಂತ ಇರೋ ಸ್ಪೀಕರ್, ಚಿಕ್ಕದಾಗಿ ಸಬ್) ಹಾಕಿಸ್ಬೇಕು ಅಂತ ಹೊರಟವರು ಮೊದಲು ಕೇಳೋದೇ ಎಷ್ಟು ಇಂಚು, ಎಷ್ಟು ವ್ಯಾಟು ಅಂತ, ಎಷ್ಟು ಓಮ್ ಅಂತ ಕೇಳೋರು ತುಂಬಾ ಕಮ್ಮಿ. ಆದ್ರೆ ಆಂಪ್ (ಆಂಪ್ಲಿಫೈಯರ್) ಬಿಸಿಯಾಗಿ ಪದೇ ಪದೇ ಆಫ್ ಆಗೋದು, ದುಡ್ಡು ಸುರಿದ್ರೂ ಬೇಸ್ ಸಪ್ಪೆ ಅನ್ಸೋದು, ಇದ್ರಲ್ಲಿ ಎಷ್ಟೋ ಸಲ ಗುಟ್ಟು ಇರೋದು ಓಮ್ ಲೆಕ್ಕದಲ್ಲೇ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಹಾಕಿಸಿ, ಇಲ್ಲಾ ಆಂಪ್ ಒಂದು ಕಡೆಯಿಂದ ಸಬ್ ಇನ್ನೊಂದು ಕಡೆಯಿಂದ ತರಿಸ್ಕೊಂಡು ಮನೆ ಮುಂದೆ ಕೂತು ನೀವೇ ಹಾಕ್ಕೊಳ್ಳಿ, ಲೆಕ್ಕ ಒಂದೇ. ಕೂಡೋದು ಭಾಗಿಸೋದು ಗೊತ್ತಿದ್ರೆ ಸಾಕು.

ಓಮ್ ಅಂದ್ರೆ ಕರೆಂಟ್ ಹರಿಯೋದಕ್ಕೆ ಇರೋ ಅಡ್ಡಿ. ಅಡ್ಡಿ ಅರ್ಧಕ್ಕೆ ಇಳಿದ್ರೆ ಅದೇ ವೋಲ್ಟೇಜಿಗೆ ಕರೆಂಟ್ ಎರಡರಷ್ಟು ಹರಿಯುತ್ತೆ, ಅದಕ್ಕೇ ಒಂದೇ ಆಂಪ್ 4 ಓಮ್‌ಗಿಂತ 2 ಓಮ್‌ಗೆ ಜಾಸ್ತಿ ಪವರ್ ಕೊಡುತ್ತೆ, 1 ಓಮ್‌ಗೆ ಇನ್ನೂ ಜಾಸ್ತಿ. ಆದ್ರೆ ಪ್ರತಿ ಆಂಪ್‌ಗೂ ಇಷ್ಟಕ್ಕಿಂತ ಕೆಳಗೆ ಇಳಿಸಬಾರದು ಅಂತ ಒಂದು ಮಿತಿ ಇರುತ್ತೆ. ಅದನ್ನ ದಾಟಿದ್ರೆ ಒಳ್ಳೆ ಆಂಪ್ ಆದ್ರೆ ಪ್ರೊಟೆಕ್ಟ್ ಲೈಟ್ ಹತ್ತಿಸ್ಕೊಂಡು ನಿಂತುಬಿಡುತ್ತೆ, ಇಲ್ಲಾಂದ್ರೆ ಒಳಗಿನ ಟ್ರಾನ್ಸಿಸ್ಟರ್ ಸುಟ್ಟು ವಾಸನೆ ಬರುತ್ತೆ.

ಹಾಗಾಗಿ ಮೊದಲ್ನೇ ಕೆಲಸ ಆಂಪ್‌ನ ಮ್ಯಾನ್ಯುಯಲ್ ತೆಗೆಯೋದು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ಮ್ಯಾಕ್ಸ್ ಪವರ್ ಬಿಟ್ಟುಬಿಡಿ, ಅದರಿಂದ ಉಪಯೋಗ ಇಲ್ಲ. ಆರ್‌ಎಂಎಸ್ (ಬಿಡದೆ ಕೊಡ್ತಾ ಇರಬಲ್ಲ ಪವರ್) ಅಂತ ಇರೋ ಸಾಲು ನೋಡಿ: 4 ಓಮ್‌ಗೆ ಇಷ್ಟು, 2 ಓಮ್‌ಗೆ ಇಷ್ಟು, 1 ಓಮ್‌ಗೆ ಇಷ್ಟು ಅಂತ ಇರುತ್ತೆ. ಕೊನೇ ಸಾಲು 2 ಓಮ್‌ಗೇ ನಿಂತಿದ್ರೆ ಆ ಆಂಪ್‌ಗೆ 2 ಓಮೇ ತಳ, 1 ಓಮ್ ಕೊಡೋ ಹಾಗಿಲ್ಲ. ಎರಡು ಚಾನೆಲ್ ಆಂಪನ್ನ ಬ್ರಿಡ್ಜ್ ಮಾಡಿ, ಅಂದ್ರೆ ಎರಡೂ ಚಾನೆಲ್‌ನ ಪವರ್ ಒಟ್ಟು ಸೇರಿಸಿ, ಒಂದು ಸಬ್‌ಗೆ ಕೊಡ್ತೀರಾ ಅಂದ್ರೆ ಇನ್ನೂ ಹುಷಾರು ಬೇಕು, ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೂ ಸಬ್‌ನ ಓಮ್‌ನಲ್ಲಿ ಅರ್ಧದಷ್ಟು ಮಾತ್ರ ಕಾಣುತ್ತೆ. ಅದಕ್ಕೇ ಎರಡು ಚಾನೆಲೂ ಬೇರೆ ಬೇರೆಯಾಗಿ ಓಡುವಾಗ 2 ಓಮ್ ತಡ್ಕೊಳೋ ಆಂಪು ಬ್ರಿಡ್ಜ್‌ನಲ್ಲಿ ಸಾಮಾನ್ಯವಾಗಿ 4 ಓಮ್‌ಗೇ ನಿಲ್ಲೋದು.

ಎರಡನೇದು ಸಬ್. ಇದ್ರಲ್ಲಿ ಎರಡು ಜಾತಿ, ಸಿಂಗಲ್ ವಾಯ್ಸ್ ಕಾಯಿಲ್ ಮತ್ತೆ ಡ್ಯುಯಲ್ ವಾಯ್ಸ್ ಕಾಯಿಲ್. ವಾಯ್ಸ್ ಕಾಯಿಲ್ ಅಂದ್ರೆ ಸ್ಪೀಕರ್ ಒಳಗೆ ಕೋನನ್ನ ಅಲ್ಲಾಡಿಸೋ ತಂತಿ ಸುರುಳಿ, ಕೋನ್ ಅಂದ್ರೆ ಮುಂದೆ ಕಾಣೋ, ಅಲ್ಲಾಡಿ ಸದ್ದು ಮಾಡೋ ಭಾಗ. ಸಿಂಗಲ್‌ನಲ್ಲಿ ಒಂದು ಪ್ಲಸ್ಸು ಒಂದು ಮೈನಸ್ಸು, ಡ್ಯುಯಲ್‌ನಲ್ಲಿ ಎರಡು ಪ್ಲಸ್ಸು ಎರಡು ಮೈನಸ್ಸು. ಡ್ಯುಯಲ್ 4 ಅಂದ್ರೆ ಒಳಗಿರೋ ಎರಡು ಕಾಯಿಲೂ ತಲಾ 4 ಓಮ್, ಡ್ಯುಯಲ್ 2 ಅಂದ್ರೆ ತಲಾ 2 ಓಮ್. ಸ್ಟಿಕ್ಕರ್ ಕಿತ್ತುಹೋಗಿದ್ರೆ ಅಥವಾ ಸೆಕೆಂಡ್ ಹ್ಯಾಂಡ್ ತಗೊಂಡಿದ್ರೆ ಮಲ್ಟಿಮೀಟರ್ ಇಟ್ಟು ನೋಡಿ. ಮೊದಲು ಮೀಟರ್‌ನ ಎರಡು ಕಡ್ಡೀನೂ ಒಂದಕ್ಕೊಂದು ತಾಗಿಸಿ, ಆಗ ಬರೋ 0.2, 0.3 ಅದರ ವೈರಿಂದೇ, ಅಷ್ಟು ಕಳೀಬೇಕು. ಆಮೇಲೆ ಒಂದೊಂದೇ ಕಾಯಿಲ್ ಅಳೀರಿ. 4 ಓಮ್ ಕಾಯಿಲ್ ಮೀಟರ್‌ನಲ್ಲಿ 3.2ರಿಂದ 3.7ರ ಸುತ್ತಮುತ್ತ ತೋರಿಸುತ್ತೆ, 2 ಓಮ್‌ದು 1.6ರಿಂದ 1.9ರ ತನಕ. ಕಮ್ಮಿ ಬಂತಲ್ಲ, ಕಾಯಿಲ್ ಹಾಳಾಗಿದ್ಯಾ ಅಂತ ಗಾಬರಿ ಬೀಳ್ಬೇಡಿ, ಮೀಟರ್ ಅಳೆಯೋದು ಡಿಸಿ ರೆಸಿಸ್ಟೆನ್ಸ್, ಸಬ್ ಮೇಲೆ ಬರೆದಿರೋದು ಇಂಪೀಡೆನ್ಸ್ (ಹಾಡು ಓಡುವಾಗ ಹರಿಯೋ ಎಸಿ ಕರೆಂಟಿಗೆ ಇರೋ ಅಡ್ಡಿ), ಡಿಸಿ ಸ್ವಲ್ಪ ಕಮ್ಮೀನೇ ಇರುತ್ತೆ. ಮೀಟರ್ ಓಮ್ ತೋರಿಸದೇ OL ಅಂತ ನಿಂತುಬಿಟ್ರೆ ಕಾಯಿಲ್ ತುಂಡಾಗಿದೆ ಅಂತ.

ಈಗ ಲೆಕ್ಕ. ಸೀರೀಸ್‌ನಲ್ಲಿ ಹಾಕಿದ್ರೆ ಓಮ್‌ಗಳು ಕೂಡಿಕೊಳ್ತವೆ, ಪ್ಯಾರಲಲ್‌ನಲ್ಲಿ ಹಾಕಿದ್ರೆ ಒಂದೇ ಥರದವು ಎಷ್ಟಿವೆಯೋ ಅಷ್ಟರಿಂದ ಭಾಗ ಆಗುತ್ತೆ. ಡ್ಯುಯಲ್ 4 ಸಬ್ ಒಂದೇ ಇದ್ರೆ ಸೀರೀಸ್‌ನಲ್ಲಿ 8, ಪ್ಯಾರಲಲ್‌ನಲ್ಲಿ 2. ಡ್ಯುಯಲ್ 2 ಆದ್ರೆ ಸೀರೀಸ್‌ನಲ್ಲಿ 4, ಪ್ಯಾರಲಲ್‌ನಲ್ಲಿ 1. ಪ್ಯಾರಲಲ್ ಅಂದ್ರೆ ಎರಡೂ ಪ್ಲಸ್ ಒಟ್ಟಿಗೆ ಸೇರಿಸಿ ಆಂಪ್‌ನ ಪ್ಲಸ್‌ಗೆ, ಎರಡೂ ಮೈನಸ್ ಒಟ್ಟಿಗೆ ಸೇರಿಸಿ ಆಂಪ್‌ನ ಮೈನಸ್‌ಗೆ. ಸೀರೀಸ್ ಅಂದ್ರೆ ಆಂಪ್‌ನ ಪ್ಲಸ್ ಮೊದಲ್ನೇ ಕಾಯಿಲ್‌ನ ಪ್ಲಸ್‌ಗೆ, ಅದರ ಮೈನಸ್‌ನಿಂದ ಒಂದು ಗಿಡ್ಡ ವೈರ್ ಎರಡನೇ ಕಾಯಿಲ್‌ನ ಪ್ಲಸ್‌ಗೆ, ಎರಡನೇದರ ಮೈನಸ್ ವಾಪಸ್ ಆಂಪ್‌ನ ಮೈನಸ್‌ಗೆ.

ಎರಡು ಸಬ್ ಹಾಕೋರು ಮಾತ್ರ ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ದುಡ್ಡು ಹಾಳಾಗೋದು ಇಲ್ಲೇ. ಡ್ಯುಯಲ್ 4 ಎರಡು ಇದ್ರೆ ಒಟ್ಟು ನಾಲ್ಕು ಕಾಯಿಲ್, ಎಲ್ಲಾ ಪ್ಯಾರಲಲ್ ಹಾಕಿದ್ರೆ 1 ಓಮ್. ಒಂದೊಂದು ಸಬ್‌ನ ಒಳಗೆ ಸೀರೀಸ್ ಮಾಡಿ, ಆ ಎರಡು 8 ಓಮ್ ಸಬ್‌ಗಳನ್ನ ಪ್ಯಾರಲಲ್ ಮಾಡಿದ್ರೆ 4. ಎಲ್ಲಾ ಸೀರೀಸ್ ಅಂದ್ರೆ 16. ಏನೇ ತಿರುಗಿಸಿ ಮುರುಗಿಸಿ ಹಾಕಿದ್ರೂ ನಾಲ್ಕೂ ಕಾಯಿಲ್‌ಗೆ ಸಮ ಪವರ್ ಕೊಟ್ಟು 2 ಓಮ್ ಬರೋದೇ ಇಲ್ಲ! ನಿಮ್ಮ ಆಂಪ್ 2 ಓಮ್‌ದಾದ್ರೆ 4 ಓಮ್‌ಗೆ ಹಾಕಿ ಅರ್ಧಂಬರ್ಧ ಪವರ್‌ನಲ್ಲಿ ಓಡಿಸ್ಬೇಕು, ಅಷ್ಟೇ. ಅದೇ ಡ್ಯುಯಲ್ 2 ಎರಡು ಇದ್ರೆ ಸಿಗೋದು 0.5, 2 ಮತ್ತೆ 8. ಅಂದ್ರೆ 2 ಓಮ್ ಆಂಪ್‌ಗೆ ಒಂದು ಸಬ್ ಸಾಕು ಅಂದ್ರೆ ಡ್ಯುಯಲ್ 4 ತಗೊಳ್ಳಿ, ಎರಡು ಬೇಕು ಅಂದ್ರೆ ಡ್ಯುಯಲ್ 2. 1 ಓಮ್ ಆಂಪ್‌ಗೆ ಇದೇ ಉಲ್ಟಾ, ಒಂದಕ್ಕೆ ಡ್ಯುಯಲ್ 2, ಎರಡಕ್ಕೆ ಡ್ಯುಯಲ್ 4. ಇಷ್ಟನ್ನ ಅಂಗಡಿಗೆ ಹೋಗೋ ಮುಂಚೆ ಫೋನಲ್ಲಿ ಬರ್ಕೊಂಡಿದ್ರೆ ಸ್ಟಾಕ್ ಇರೋದನ್ನೇ ತಲೆಗೆ ಕಟ್ಟೋಕೆ ಯಾರಿಗೂ ಆಗಲ್ಲ.

ಇನ್ನೊಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ಮೊನೊಬ್ಲಾಕ್ (ಒಂದೇ ಚಾನೆಲ್ ಇರೋ) ಆಂಪ್‌ಗಳಲ್ಲಿ ಎಷ್ಟೋ ಸಲ ಸ್ಪೀಕರ್ ಜಾಗದಲ್ಲಿ ಎರಡು ಪ್ಲಸ್ ಎರಡು ಮೈನಸ್ ಸ್ಕ್ರೂ ಇರ್ತವೆ, ಅದನ್ನ ನೋಡಿ ಎರಡು ಚಾನೆಲ್ ಇದೆ, ಒಂದೊಂದಕ್ಕೆ ಒಂದೊಂದು 2 ಓಮ್ ಸಬ್ ಕೊಟ್ರೆ ಆಂಪ್‌ಗೆ 2 ಓಮೇ ಕಾಣುತ್ತೆ ಅಂದ್ಕೋತಾರೆ. ಹಾಗಲ್ಲ. ಅವು ಒಳಗಡೆ ಒಂದೇ, ವೈರ್ ಸಿಗಿಸೋಕೆ ಸುಲಭ ಆಗ್ಲಿ ಅಂತ ಎರಡು ಕೊಟ್ಟಿರ್ತಾರೆ ಅಷ್ಟೇ. ಎರಡು 2 ಓಮ್ ಸಬ್ ಅಲ್ಲಿಗೆ ಹಾಕಿದ್ರೆ ಅದು ಪ್ಯಾರಲಲ್, ಆಂಪ್‌ಗೆ ಕಾಣೋದು 1 ಓಮ್.

ಬೇರೆ ಬೇರೆ ಓಮ್ ಇರೋ ಸಬ್‌ಗಳನ್ನ ಒಂದೇ ಆಂಪ್‌ಗೆ ಸೇರಿಸ್ಬೇಡಿ, ಪವರ್ ಸಮನಾಗಿ ಹಂಚಿಕೆ ಆಗಲ್ಲ. ಡ್ಯುಯಲ್ ಕಾಯಿಲ್ ಸಬ್‌ನಲ್ಲಿ ಒಂದೇ ಕಾಯಿಲ್‌ಗೆ ವೈರ್ ಕೊಟ್ಟು ಇನ್ನೊಂದನ್ನ ಖಾಲಿ ಬಿಡೋದೂ ಬೇಡ, ತಡ್ಕೊಳೋ ಪವರ್ ಕಮ್ಮಿಯಾಗುತ್ತೆ, ಸಬ್ ಕೂರಿಸೋ ಬಾಕ್ಸ್‌ನ ಅಳತೆ ಲೆಕ್ಕಾನೂ ಬದಲಾಗುತ್ತೆ.

ವೈರ್ ಕಟ್ಟಿ ಆದ್ಮೇಲೆ ಪೋಲಾರಿಟಿ, ಅಂದ್ರೆ ಪ್ಲಸ್ ಮೈನಸ್ ಸರಿಯಾಗಿದ್ಯಾ ಅಂತ ನೋಡ್ಬೇಕು. ಗೋಡೆ ಗಡಿಯಾರಕ್ಕೆ ಹಾಕೋ 1.5 ವೋಲ್ಟ್ ಸೆಲ್ ತಗೊಂಡು, ಆಂಪ್‌ಗೆ ಹೋಗೋ ವೈರ್‌ನ ತುದೀನ ಅದಕ್ಕೆ ಒಂದು ಕ್ಷಣ ತಾಗಿಸಿ, ಪ್ಲಸ್‌ಗೆ ಪ್ಲಸ್ಸು. ಕೋನ್ ಮುಂದಕ್ಕೆ ಬರ್ಬೇಕು, ಎರಡು ಸಬ್ ಇದ್ರೆ ಎರಡೂ ಒಟ್ಟಿಗೆ ಮುಂದಕ್ಕೆ ಬರ್ಬೇಕು. ಒಂದು ಮುಂದೆ ಒಂದು ಹಿಂದೆ ಹೋದ್ರೆ ಒಂದರ ಬೇಸನ್ನ ಇನ್ನೊಂದು ನುಂಗಿ ಹಾಕುತ್ತೆ. ಡ್ಯುಯಲ್ ಕಾಯಿಲ್‌ನಲ್ಲಿ ಒಂದು ಕಾಯಿಲ್ ಉಲ್ಟಾ ಆಗಿದ್ರೆ ಕೋನ್ ಅಲ್ಲಾಡೋದೇ ಕಷ್ಟ, ಪವರ್ ಎಲ್ಲಾ ಬರೀ ಬಿಸಿಯಾಗಿ ಹೋಗುತ್ತೆ, ಆ ಸ್ಥಿತೀಲಿ ಹಾಡು ಹಾಕಿ ವಾಲ್ಯೂಮ್ ಏರಿಸಿದ್ರೆ ಕಾಯಿಲ್ ಸುಡುತ್ತೆ. ಇದಾದ್ಮೇಲೆ ಅದೇ ತುದಿಗೆ ಮಲ್ಟಿಮೀಟರ್ ಇಟ್ಟು ಒಟ್ಟು ಓಮ್ ಅಳೀರಿ, 4 ಓಮ್ ಅಂತ ಲೆಕ್ಕ ಹಾಕಿದ ಕಡೆ 0.9 ತೋರಿಸಿದ್ರೆ ಎಲ್ಲೋ ವೈರ್ ತಪ್ಪಿದೆ, ಆಂಪ್‌ಗೆ ಸಿಗಿಸೋ ಮುಂಚೆ ಬಿಚ್ಚಿ ನೋಡಿ.

ಪವರ್ ವೈರ್ ಬಗ್ಗೆ ಬೇಗ ಹೇಳ್ತೀನಿ. ಕ್ಲಾಸ್ ಡಿ (ಪವರ್ ಕಮ್ಮಿ ಪೋಲು ಮಾಡೋ ಥರದ) ಆಂಪ್ 500 ವ್ಯಾಟ್ ಆರ್‌ಎಂಎಸ್ ಕೊಡ್ಬೇಕು ಅಂದ್ರೆ ಬ್ಯಾಟರಿಯಿಂದ ಸುಮಾರು 45 ಆಂಪಿಯರ್ ಎಳೆಯುತ್ತೆ, ಅದಕ್ಕೆ 4 ಗೇಜ್ ತಾಮ್ರದ ವೈರ್ ಹಾಕಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಅಗ್ಗಕ್ಕೆ ಸಿಗುತ್ತೆ, ಅದೇ ದಪ್ಪಕ್ಕೆ ಕರೆಂಟ್ ಕಮ್ಮಿ ಒಯ್ಯುತ್ತೆ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಇರ್ಲೇಬೇಕು, ವೈರ್ ಎಲ್ಲಾದ್ರೂ ಕಾರಿನ ಲೋಹದ ಮೈಗೆ ತಾಗಿದ್ರೆ ಬೆಂಕಿ ಹತ್ತದ ಹಾಗೆ ತಡೆಯೋದು ಅದೊಂದೇ.

ಎಲ್ಲರೂ 1 ಓಮ್ 1 ಓಮ್ ಅಂತಾರೆ, ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. 2 ಓಮ್‌ಗೆ 300 ವ್ಯಾಟ್, 1 ಓಮ್‌ಗೆ 500 ವ್ಯಾಟ್ ಕೊಡೋ ಆಂಪ್ ಅಂತ ಇಟ್ಕೊಳ್ಳಿ, ಕಿವಿಗೆ ಸಿಗೋ ವ್ಯತ್ಯಾಸ 2 ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದಕ್ಕೆ ಆಂಪ್ ಬಿಸಿ ಜಾಸ್ತಿ, ಬ್ಯಾಟರಿ ಮೇಲೆ ಭಾರ ಜಾಸ್ತಿ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ 35 ಆಂಪಿಯರ್-ಅವರ್ ಆಸುಪಾಸಿನ ಬ್ಯಾಟರಿ ಇರೋದು, ಅಂಥ ಕಾರಿಗೆ 2 ಓಮೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಕೊನೇದಾಗಿ ಗೇನ್, ಅಂದ್ರೆ ಬರೋ ಸಿಗ್ನಲನ್ನ ಆಂಪ್ ಎಷ್ಟು ಹೆಚ್ಚಿಸ್ಬೇಕು ಅಂತ ಹೊಂದಿಸೋ ತಿರುಗು ಗುಂಡಿ. ಇದಕ್ಕೂ ಅದೇ ಓಮ್ ಬೇಕು. ಸಬ್ ವೈರ್ ಬಿಚ್ಚಿ, ಎಂಜಿನ್ ಆನ್ ಮಾಡಿ, ಬೇಸ್ ಬೂಸ್ಟ್ ಎಲ್ಲಾ ಆಫ್ ಮಾಡಿ, 50 ಹರ್ಟ್ಸ್ ಟೋನ್ (ಒಂದೇ ಸಮ ಬರೋ ಟೆಸ್ಟ್ ಸದ್ದು) ಹಾಕಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಮಲ್ಟಿಮೀಟರ್ ಎಸಿ ವೋಲ್ಟಿಗೆ ತಿರುಗಿಸಿ ಆಂಪ್‌ನ ಸ್ಪೀಕರ್ ಸ್ಕ್ರೂಗಳ ಮೇಲೆ ಹಿಡೀರಿ. ಮನೆ ಕರೆಂಟೂ 50 ಹರ್ಟ್ಸೇ, ಹಾಗಾಗಿ ಅಗ್ಗದ ಮೀಟರ್ ಆದ್ರೂ ಇಲ್ಲಿ ಸರಿಯಾಗೇ ತೋರಿಸುತ್ತೆ. ವ್ಯಾಟನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದ್ರೆ ಎಷ್ಟು ವೋಲ್ಟ್ ಬರ್ಬೇಕು ಅಂತ ಸಿಗುತ್ತೆ: 2 ಓಮ್‌ಗೆ 300 ವ್ಯಾಟ್ ಅಂದ್ರೆ 24.5 ವೋಲ್ಟ್, 1 ಓಮ್‌ಗೆ 500 ಅಂದ್ರೆ 22.4. ಸಬ್‌ನ ಆರ್‌ಎಂಎಸ್ ಆಂಪ್‌ಗಿಂತ ಕಮ್ಮಿ ಇದ್ರೆ ಸಬ್‌ನ ಸಂಖ್ಯೆಯನ್ನೇ ಲೆಕ್ಕಕ್ಕೆ ತಗೊಳ್ಳಿ. ಗೇನನ್ನ ಪೂರ್ತಿ ಕೆಳಗಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾ ಹೋಗಿ, ಆ ವೋಲ್ಟ್ ಬಂದ ತಕ್ಷಣ ನಿಲ್ಲಿಸಿ, ಆಂಪ್ ಆಫ್ ಮಾಡಿ ಸಬ್ ವೈರ್ ವಾಪಸ್ ಸಿಗಿಸಿ.