ತುಪ್ಪ ಕಾಯಿಸುವಾಗ ಮುಳ್ಳು ನಿಲ್ಲುವ ಹೊತ್ತು

ಬೆಣ್ಣೆ ಕಡೆದು ಮನೆಯಲ್ಲೇ ತುಪ್ಪ ಕಾಯಿಸುವವಳು ನಾನು. ಹದ ಗೊತ್ತಾಗುವುದು ಘಮದಿಂದ, ಸದ್ದಿನಿಂದ. ಆದರೂ ಪಾತ್ರೆಯೊಳಗೆ ಏನಾಗುತ್ತದೆ ನೋಡೋಣ ಅಂತ ಅಡುಗೆಗೆ ಬಳಸುವ ಥರ್ಮಾಮೀಟರ್ ತಂದೆ. ಜ್ವರ ನೋಡುವಂಥದ್ದು ಇದಕ್ಕೆ ಬರುವುದಿಲ್ಲ, ಅದರ ಅಳತೆ 42 ಡಿಗ್ರಿಗೇ ಮುಗಿಯುತ್ತದೆ.

ದಪ್ಪ ತಳದ ಪಾತ್ರೆ, ಸಣ್ಣ ಉರಿ. ಐಸ್ ಆದರೆ 0 ಡಿಗ್ರಿಯಲ್ಲೇ ಕರಗುತ್ತದೆ. ಬೆಣ್ಣೆಗೆ ಹಾಗೆ ಒಂದೇ ಗೆರೆ ಇಲ್ಲ. ಅದರಲ್ಲಿ ಹಲವು ಬಗೆಯ ಕೊಬ್ಬು ಇದೆ, ಒಂದೊಂದು ಒಂದೊಂದು ಬಿಸಿಗೆ ಕರಗುತ್ತದೆ. ಅದಕ್ಕೇ ಮೊದಲು ಮೆತ್ತಗಾಗಿ ಆಮೇಲೆ ನೀರಾಗುವುದು. 40 ದಾಟುವಷ್ಟರಲ್ಲಿ ಎಲ್ಲ ಕರಗಿರುತ್ತದೆ.

ಮುಂದೆ ಮುಳ್ಳು ಸರಸರ ಏರಿ 100ರ ಆಸುಪಾಸಿನಲ್ಲಿ ನಿಂತೇಬಿಡುತ್ತದೆ. ಉರಿ ಇದೆ, ಕುದಿ ಇದೆ, ಬಿಸಿ ಮಾತ್ರ ಏರುವುದಿಲ್ಲ. ಕಾರಣ ಬೆಣ್ಣೆಯಲ್ಲಿರುವ ನೀರು. ಕುದಿಯುವ 1 ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲರಿ ಶಾಖ ಬೇಕು. ಡೈರಿ ಬೆಣ್ಣೆಯಲ್ಲಿ ಕಿಲೋಗೆ 160 ಗ್ರಾಂನಷ್ಟು ನೀರಿರುತ್ತದೆ, ಮನೆಯದರಲ್ಲಿ ಇನ್ನೂ ಜಾಸ್ತಿ. ಲೆಕ್ಕ ಹಾಕಿದೆ: ಇಡೀ ಬೆಣ್ಣೆಯನ್ನು ಕುದಿಯ ತನಕ ಬಿಸಿ ಮಾಡಲು ಬೇಕಾದ ಶಾಖದ ಸುಮಾರು ಎರಡರಷ್ಟು, ಬರೀ ಈ ನೀರನ್ನು ಓಡಿಸಲು ಬೇಕು! ತುಪ್ಪಕ್ಕೆ ತಾಳ್ಮೆ ಬೇಕು ಅನ್ನುವುದು ಸುಮ್ನೆ ಅಲ್ಲ.

ಈ ಹೊತ್ತಲ್ಲಿ ಉರಿ ಜೋರು ಮಾಡಿದರೆ ಬಿಸಿ ಏರುವುದಿಲ್ಲ. ನೊರೆ ಉಕ್ಕುತ್ತದೆ, ತಳ ಹಿಡಿಯುತ್ತದೆ, ಅಷ್ಟೇ. ಮುಚ್ಚಳವನ್ನೂ ಹಾಕಬೇಡಿ. ಆವಿ ಅದಕ್ಕೆ ತಾಗಿ ತಣ್ಣಗಾಗಿ ನೀರಾಗುತ್ತದೆ, ಮತ್ತೆ ಪಾತ್ರೆಗೇ ಬಿದ್ದು ಸಿಡಿಯುತ್ತದೆ.

ನೀರು ಮುಗಿಯುತ್ತಾ ಬಂದಂತೆ ಚಟಪಟ ಸದ್ದು ಇಳಿಯುತ್ತದೆ. ಆಗ ಮುಳ್ಳು ಮತ್ತೆ ಏಳುತ್ತದೆ. ಇಲ್ಲಿ ಮಾತ್ರ ಅತ್ತಿತ್ತ ನೋಡುವಂತಿಲ್ಲ, ಏಕೆಂದರೆ ತಡೆಯಲು ನೀರಿಲ್ಲ. 110 ದಾಟಿದ ಮೇಲೆ ತಳದ ಗಸಿ ಕೆಂಪಾಗತೊಡಗುತ್ತದೆ, ಘಮ ಬರುವುದೂ ಆಗಲೇ. 115ರ ಹತ್ತಿರ ಒಲೆ ಆರಿಸುತ್ತೇನೆ. ದಪ್ಪ ತಳ ಇನ್ನೂ ಸ್ವಲ್ಪ ಹೊತ್ತು ಕಾಯಿಸುತ್ತಲೇ ಇರುತ್ತದೆ. ಆಮೇಲೆ ಒಂದು ವೀಳ್ಯದೆಲೆ. ಎಲೆಯೊಳಗಿನ ನೀರು ಒಮ್ಮೆಗೇ ಆವಿಯಾಗಿ ಎಲೆ ಗರಿಗರಿಯಾಗುತ್ತದೆ.

ಮರಳು ಮರಳಾದ ತುಪ್ಪ ಬೇಕಾದರೆ ಸೋಸಿ ಅಡುಗೆಮನೆಯಲ್ಲೇ ಬಿಡಿ. ನಿಧಾನವಾಗಿ ಆರಿದರೆ ಹರಳು ದೊಡ್ಡದಾಗುತ್ತದೆ. ಫ್ರಿಜ್‌ಗೆ ಇಟ್ಟರೆ ನುಣ್ಣಗೆ ಕಲ್ಲಾಗುತ್ತದೆ.

ಮಂಗಳೂರಿನ ತಂಗಿಗೆ ಒಂದು ಬಾಟಲಿ ಕಳಿಸಿದ್ದೆ. “ಅಕ್ಕಾ, ಇದು ಗಟ್ಟಿನೇ ಆಗ್ತಿಲ್ಲ, ಸರಿ ಇದೆ ತಾನೇ?” ಅಂತ ಫೋನ್ ಮಾಡಿದಳು. ಏಪ್ರಿಲ್ ಸೆಕೆ, ಅಲ್ಲಿ 33 ಡಿಗ್ರಿ. ಆ ಬಿಸಿಗೆ ತುಪ್ಪದ ಹೆಚ್ಚಿನ ಪಾಲು ಕರಗಿಯೇ ಇರುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದು ನೋಡು ಅಂದೆ.