ಮೀನು ಬಿಡುವ ಮುನ್ನ: ಗಿಡಗಳ ತೊಟ್ಟಿಯನ್ನು ನಾನು ಪಳಗಿಸಿದ ಬಗೆ

ಗಿಡ ನೆಟ್ಟ ಹೊಸ ಅಕ್ವೇರಿಯಂನಲ್ಲಿ ಅಮೋನಿಯಾ ಪರೀಕ್ಷೆ ಸೊನ್ನೆ ತೋರಿಸಿದರೆ ನಾನು ಅದನ್ನು ತಕ್ಷಣ ನಂಬುವುದಿಲ್ಲ. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ ಅಮೋನಿಯಾವನ್ನು ಮುಗಿಸಿರಬಹುದು. ಅಥವಾ ಗಿಡಗಳೇ ಅದನ್ನೆಲ್ಲ ಹೀರಿಕೊಂಡು, ಫಿಲ್ಟರ್ ಇನ್ನೂ ಬರಿದಾಗಿಯೇ ಇರಬಹುದು. ಪರೀಕ್ಷೆಯ ಟ್ಯೂಬಿನಲ್ಲಿ ಎರಡಕ್ಕೂ ಒಂದೇ ಹಳದಿ ಬಣ್ಣ. ಯಾವ ಸೊನ್ನೆ ಯಾವುದು ಎಂದು ಗುರುತಿಸುವುದೇ ಗಿಡಗಳ ತೊಟ್ಟಿಯನ್ನು ಸೈಕಲ್ ಮಾಡುವುದರಲ್ಲಿ ಇರುವ ನಿಜವಾದ ಕಷ್ಟ. ಉಳಿದದ್ದಕ್ಕೆಲ್ಲ ತಾಳ್ಮೆಯೊಂದಿದ್ದರೆ ಸಾಕು.

ಸೈಕ್ಲಿಂಗ್ ಎಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ತಿಂದುಳಿದ ಆಹಾರ, ಕೊಳೆತ ಎಲೆ ಸಹ ಅದನ್ನೇ ಬಿಡುತ್ತವೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ಮೀನಿಗೆ ವಿಷ. ನೈಟ್ರೈಟ್ ರಕ್ತಕ್ಕೆ ಸೇರಿದರೆ ಆಮ್ಲಜನಕ ಹೊರುವ ಶಕ್ತಿಯೇ ಕುಂದಿ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಮಾತ್ರ ಅಷ್ಟೇನೂ ಅಪಾಯಕಾರಿಯಲ್ಲ. ಮೀನು ಬಿಡುವ ಮುನ್ನವೇ ಈ ಸೂಕ್ಷ್ಮಜೀವಿಗಳು ತೊಟ್ಟಿಯಲ್ಲಿ ನೆಲೆಯೂರುವಂತೆ ಮಾಡುವುದೇ ಸೈಕ್ಲಿಂಗ್. ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್‌ನದು ಎಂದು ಅಂಗಡಿಯಲ್ಲಿ ಮಾರುವ ಬ್ಯಾಕ್ಟೀರಿಯಾದ ಎಷ್ಟೋ ಬಾಟಲಿಗಳ ಮೇಲೆ ಈಗಲೂ ಅಚ್ಚಾಗಿರುತ್ತದೆ. ಆದರೆ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಎಂದು 1990ರ ದಶಕದಲ್ಲೇ ಅಮೆರಿಕದ ಸಂಶೋಧಕ ತಿಮೊತಿ ಹೊವನೆಕ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. 2015ರಲ್ಲಿ ಇನ್ನೂ ಸ್ವಾರಸ್ಯದ ಸುದ್ದಿ ಬಂತು: ಎರಡೂ ಹಂತಗಳನ್ನು ಒಂದೇ ಜೀವಿ ಮಾಡಿ ಮುಗಿಸುವ ನೈಟ್ರೋಸ್ಪೈರಾ ಬಗೆಗಳಿವೆ ಎಂದು. ಅವುಗಳಲ್ಲಿ ಕೆಲವು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ.

ನನ್ನ ತೊಟ್ಟಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ್ದು. ಲೆಕ್ಕಕ್ಕೆ 70 ಲೀಟರ್ ಆದರೂ ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಹಿಡಿಯುವ ನೀರು 55 ಲೀಟರ್. ಈ ಸಂಖ್ಯೆಯನ್ನು ನೀರು ತುಂಬುವಾಗಲೇ ಬಕೆಟ್ ಎಣಿಸಿ ಬರೆದಿಟ್ಟುಕೊಳ್ಳಬೇಕು; ಮುಂದೆ ಹಾಕುವ ಪ್ರತಿಯೊಂದರ ಅಳತೆಯೂ ಇದರ ಮೇಲೆಯೇ ನಿಂತಿದೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ನೆಲತೊಟ್ಟಿಗೆ ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರೂ ಕೊಳವೆಬಾವಿಯ ನೀರೂ ಬೆರೆತು ಬೀಳುತ್ತದೆ. ಒಂದರಲ್ಲಿ ಕ್ಲೋರಿನ್, ಇನ್ನೊಂದರಲ್ಲಿ ಗಡಸುತನ. ಗಡಸುತನ ಬ್ಯಾಕ್ಟೀರಿಯಾಕ್ಕೆ ಒಳ್ಳೆಯದೇ. ಕ್ಲೋರಿನ್ ಮಾತ್ರ ಅವುಗಳನ್ನು ಕೊಲ್ಲುವುದಕ್ಕೆಂದೇ ಹಾಕಿದ್ದು. ಹಿಂದಿನ ರಾತ್ರಿಯೇ ಬಕೆಟಿನಲ್ಲಿ ನೀರು ಹಿಡಿದಿಟ್ಟು, ಏರ್ ಪಂಪಿನ ಕಲ್ಲು ಬಿಟ್ಟು, ಬೆಳಿಗ್ಗೆ ಹೈಪೋ ಎಂದು ಮಾರುವ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಬಾಟಲಿಯ ಮೇಲೆ ಹೇಳಿದಷ್ಟೇ ಹಾಕುತ್ತೇನೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದಂತೂ ನಮ್ಮ ಮನೆಯಲ್ಲಿ ನಿಷಿದ್ಧ.

ತಳಕ್ಕೆ ಅಕ್ವಾಸಾಯಿಲ್ ಹಾಕಿದೆ. ಕಾಳಿನಾಕಾರದ, ಸತ್ವ ತುಂಬಿದ ಮಣ್ಣು ಇದು. ಸೈಕ್ಲಿಂಗ್ ದೃಷ್ಟಿಯಿಂದ ಇದಕ್ಕೆ ಒಂದು ಗುಣವಿದೆ: ನೀರಿನಲ್ಲಿ ನೆನೆದ ಮೊದಲ ಕೆಲವು ವಾರ ತಾನಾಗಿಯೇ ಅಮೋನಿಯಾ ಬಿಡುತ್ತದೆ. ಹಾಗಾಗಿ ಮೊದಲ ಹಂತದಲ್ಲಿ ಹೊರಗಿನಿಂದ ಏನನ್ನೂ ಹಾಕುವ ಅಗತ್ಯ ಬೀಳಲಿಲ್ಲ. ಈ ಮಣ್ಣು ನೀರಿನ ಪಿಎಚ್ ಇಳಿಸುವುದೂ ನನಗೆ ಅನುಕೂಲವಾಯಿತು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ವಿಷಕಾರಿಯಾದ ಭಾಗ ಶೇಕಡಾ ಒಂದಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ಶೇಕಡಾ 5 ದಾಟುತ್ತದೆ. ಕಿಟ್ ತೋರಿಸುವ ಸಂಖ್ಯೆ ಮಾತ್ರ ಎರಡೂ ಕಡೆ ಅದೇ.

ಗಿಡಗಳನ್ನು ಮೊದಲ ದಿನವೇ ಒತ್ತಾಗಿ ನೆಟ್ಟೆ. ಬೇಗ ಬೆಳೆಯುವ ಹೈಗ್ರೋಫಿಲಾ, ರೋಟಾಲಾ, ಲಿಮ್ನೋಫಿಲಾ ಹಿಂದುಗಡೆ. ನಮ್ಮ ನೀರು ಬ್ರಾಹ್ಮಿ ಪಕ್ಕದಲ್ಲಿ. ಮೇಲೆ ತೇಲುವುದಕ್ಕೆ ನಾಲ್ಕಾರು ಅಂತರಗಂಗೆ. ಅಂತರಗಂಗೆಯನ್ನು ಕೆರೆಯಿಂದ ತಂದರೆ ಕೊಡತಿ ಮರಿಗಳಿಂದ ಹಿಡಿದು ಏನೇನೋ ಜೊತೆಗೆ ಬರುತ್ತದೆ, ಗೆಳೆಯರ ತೊಟ್ಟಿಯಿಂದ ಪಡೆಯುವುದು ಮೇಲು. ಹೆಚ್ಚಾದದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಕೇ ಹೊರತು ಕೆರೆಗೆ ಎಸೆಯಬಾರದು. ಈ ಗಿಡಗಳಲ್ಲಿ ಹೆಚ್ಚಿನವು ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆದವು. ನೀರಿಗಿಳಿಸಿದಾಗ ಹಳೆಯ ಎಲೆ ಕರಗಿ ಹೊಸ ಬಗೆಯ ಎಲೆ ಹುಟ್ಟುತ್ತದೆ. ಕರಗುವ ಎಲೆಯೂ ಅಮೋನಿಯಾದ ಮೂಲವೇ. ಲೋಳೆಯಾದ ಎಲೆಗಳನ್ನು ದಿನವೂ ಚಿಮಟದಿಂದ ತೆಗೆಯುತ್ತಿದ್ದೆ. ಕ್ರಿಪ್ಟೊಕೊರೈನ್ ಇಡಿಯಾಗಿ ಕರಗಿದರೂ ಬೇರನ್ನು ಕೀಳಲಿಲ್ಲ. ಅದು ಮತ್ತೆ ಚಿಗುರಿತು.

“ಸೈಕ್ಲಿಂಗ್ ಆಗುವಾಗ ನೀರು ಬದಲಿಸಬಾರದು, ಬ್ಯಾಕ್ಟೀರಿಯಾ ಹೋಗಿಬಿಡುತ್ತದೆ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವು ಇರುವುದು ನೀರಿನಲ್ಲಲ್ಲ. ಸ್ಪಂಜು, ಮಣ್ಣಿನ ಕಾಳು, ಗಾಜು, ಎಲೆಗಳ ಮೇಲೆ ಅಂಟಿದ ತೆಳುವಾದ ಪೊರೆಯಲ್ಲಿ. ಅಕ್ವಾಸಾಯಿಲ್ ಹೊಸದಿದ್ದಾಗ ಅಮೋನಿಯಾ 4 ಪಿಪಿಎಂ (ಲೀಟರಿಗೆ 4 ಮಿ.ಗ್ರಾಂ) ದಾಟಿತು. ಅಷ್ಟಕ್ಕೆ ಎಳೆಯ ಗಿಡಗಳೂ ಸೊರಗುತ್ತವೆ, ಪಾಚಿಗೆ ಹಬ್ಬವಾಗುತ್ತದೆ. ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ತೆಗೆದು ಹೊಸದನ್ನು ತುಂಬಿದೆ, ಆಮೇಲೆ ವಾರಕ್ಕೆ ಎರಡು ಸಲ. ಬೆಳಕು ಆರೇ ಗಂಟೆ. ನಡುವೆ ನೀರು ಮಜ್ಜಿಗೆ ನೀರಿನಂತೆ ಬೆಳ್ಳಗಾಯಿತು. ಅದು ಕೊಳೆತದ್ದನ್ನು ತಿನ್ನುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ಭರಾಟೆ. ನಮಗೆ ಬೇಕಾದವಕ್ಕೂ ಅದಕ್ಕೂ ಸಂಬಂಧವಿಲ್ಲ, ಏನೂ ಮಾಡದಿದ್ದರೂ ತಿಳಿಯಾಗುತ್ತದೆ. ಗಾಜಿನ ಮೇಲೆ ಕಂದು ಪುಡಿಯಂತೆ ಕೂರುವ ಡಯಾಟಮ್ ಎಂಬ ಪಾಚಿ ಕೂಡ ಹಾಗೆಯೇ ಬಂದು ಹೋಯಿತು.

ಪರೀಕ್ಷೆಗೆ ಕಾಗದದ ಪಟ್ಟಿಗಿಂತ ಹನಿಗಳ ಕಿಟ್ ವಾಸಿ. ನನ್ನಲ್ಲಿರುವುದು ಎಪಿಐ ಕಂಪನಿಯದು. ಅಮೋನಿಯಾಕ್ಕೆ 5 ಮಿ.ಲೀ. ನೀರಿಗೆ ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ, ಕುಲುಕಿ ಐದು ನಿಮಿಷ ಕಾಯಬೇಕು. ಹಳದಿ ಇದ್ದರೆ ಸೊನ್ನೆ, ಹಸಿರಾದಷ್ಟೂ ಹೆಚ್ಚು. ಟ್ಯೂಬ್‌ಲೈಟಿನ ಕೆಳಗೆ ಈ ಹಳದಿಗೇ ಒಂದು ಹಸಿರು ಛಾಯೆ ಬರುವುದರಿಂದ ನಾನು ಟ್ಯೂಬನ್ನು ಹಗಲಿನಲ್ಲಿ ಕಿಟಕಿಯ ಬಳಿ ಒಯ್ದು, ಕಾರ್ಡಿನ ಬಿಳಿ ಭಾಗಕ್ಕೆ ಒತ್ತಿ ಹಿಡಿದು ನೋಡುತ್ತೇನೆ. ಪಕ್ಕದಲ್ಲಿ ಕುಡಿಯುವ ನೀರಿನಿಂದ ಮಾಡಿದ ಇನ್ನೊಂದು ಟ್ಯೂಬ್ ಇಟ್ಟರೆ ಅನುಮಾನವೇ ಇರುವುದಿಲ್ಲ. ನೈಟ್ರೇಟಿನ ಎರಡನೆಯ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅರ್ಧ ನಿಮಿಷ ಜೋರಾಗಿ ಕುಲುಕದೆ ಹಾಕಿದರೆ ನೈಟ್ರೇಟ್ ಇದ್ದರೂ ಇಲ್ಲ ಎನ್ನುತ್ತದೆ. ಇನ್ನೊಂದು ವಿಷಯ. ಈ ಪರೀಕ್ಷೆ ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಂಡು ಆಮೇಲೆ ಅಳೆಯುವುದು. ಹಾಗಾಗಿ ತೊಟ್ಟಿಯಲ್ಲಿ ನೈಟ್ರೈಟ್ ತುಂಬಿರುವಾಗ ನೈಟ್ರೇಟಿನ ಸಂಖ್ಯೆಗೆ ಬೆಲೆಯಿಲ್ಲ.

ಬ್ಯಾಕ್ಟೀರಿಯಾ ಎಲ್ಲಿಂದ ತರುವುದು? ಸುಮ್ಮನೆ ಬಿಟ್ಟರೂ ಬರುತ್ತದೆ, ನಿಧಾನ. ಬಾಟಲಿಯಲ್ಲಿ ಮಾರುವವುಗಳಲ್ಲಿ ಕೆಲವು ಕೆಲಸ ಮಾಡುತ್ತವೆ, ಆದರೆ ಜೀವಂತ ನೈಟ್ರೀಕರಣ ಬ್ಯಾಕ್ಟೀರಿಯಾ ಇರುವ ಬಾಟಲಿ ಬಿಸಿಲಿನಲ್ಲಿ, ಗೋದಾಮಿನಲ್ಲಿ ಎಷ್ಟು ದಿನ ಬೆಂದಿದೆಯೋ ಬಲ್ಲವರು ಯಾರು. ನಾನು ಹೆಪ್ಪು ಹಾಕುವಂತೆ ಮಾಡಿದೆ: ವರ್ಷಗಳಿಂದ ಕಾಯಿಲೆಯಿಲ್ಲದೆ ನಡೆಯುತ್ತಿರುವ ಗೆಳೆಯನ ತೊಟ್ಟಿಯಿಂದ ಕಂದು ಬಣ್ಣಕ್ಕೆ ತಿರುಗಿದ ಸ್ಪಂಜಿನ ತುಂಡೊಂದನ್ನು ಅದೇ ನೀರಿನಲ್ಲಿ ಮುಳುಗಿಸಿ ತಂದು, ನನ್ನ ಫಿಲ್ಟರಿನೊಳಗೆ ಇಟ್ಟೆ. ಅಂಗಡಿಯಿಂದ ಕೇಳಿ ತರಬಹುದು, ಆದರೆ ಸ್ಪಂಜಿನ ಜೊತೆ ರೋಗವೂ ಬರಬಹುದು. ಅಂಗಡಿಯಲ್ಲಿ ಕೇಳಿದಾಗ ಸಿಕ್ಕ ಸಲಹೆಯೇ ಬೇರೆ: “ಸರ್, ಇವತ್ತು ನೀರು ತುಂಬಿಸಿ, ಈ ನೀಲಿ ಔಷಧಿ ನಾಲ್ಕು ಹನಿ ಹಾಕಿ, ನಾಳೆ ಮೀನು ತೆಗೆದುಕೊಂಡು ಹೋಗಿ.” ಆ ನೀಲಿ, ಮೆಥಿಲೀನ್ ಬ್ಲೂ, ಗಿಡಕ್ಕೂ ಒಳ್ಳೆಯದಲ್ಲ, ನಾವು ಸಾಕಲು ಹೊರಟ ಬ್ಯಾಕ್ಟೀರಿಯಾಕ್ಕೂ ಒಳ್ಳೆಯದಲ್ಲ.

ಅವಕ್ಕೆ ಬೆಚ್ಚಗಿರಬೇಕು, ಉಸಿರಾಡಲು ಗಾಳಿ ಬೇಕು. ಚಳಿಗಾಲದ ಬೆಂಗಳೂರಿನ ರಾತ್ರಿಗಳಲ್ಲಿ ನೀರು ತಣ್ಣಗಾಗುತ್ತದೆ, ಅವುಗಳ ಕೆಲಸ ಮಂದವಾಗುತ್ತದೆ. ಹೀಟರನ್ನು 26 ಡಿಗ್ರಿಗೆ ಇಟ್ಟೆ. ಕರೆಂಟ್ ಹೋದಾಗ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಅದಕ್ಕೇ ನಾನು ಸ್ಪಂಜ್ ಫಿಲ್ಟರ್ ಆರಿಸಿಕೊಂಡೆ. ಬ್ಯಾಟರಿ ಇರುವ ಸಣ್ಣ ಏರ್ ಪಂಪ್ ಅದನ್ನು ಗಂಟೆಗಟ್ಟಲೆ ನಡೆಸುತ್ತದೆ.

ಮೂರನೆಯ ವಾರದ ಹೊತ್ತಿಗೆ ನೈಟ್ರೈಟ್ ಪರೀಕ್ಷೆಯ ತಿಳಿನೀಲಿ ನೇರಳೆಗೆ ತಿರುಗಿತು. ಗಿಡಗಳಿಲ್ಲದ ತೊಟ್ಟಿಯಲ್ಲಿ ಅದು ಕಡುನೇರಳೆಯಾಗಿ ವಾರಗಟ್ಟಲೆ ಕೂರುತ್ತದೆ. ನನ್ನಲ್ಲಿ ಮಸುಕಾಗಿ ಬಂದು ಬೇಗನೆ ಇಳಿಯಿತು. ಗಿಡಗಳು ಅಮೋನಿಯಾವನ್ನೇ ಮೊದಲು ಆರಿಸಿ ತಿನ್ನುವುದರಿಂದ ನೈಟ್ರೈಟ್ ಆಗುವುದಕ್ಕೆ ಉಳಿಯುವುದೇ ಕಡಿಮೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಗಿಡಗಳು ಗುಳ್ಳೆ ಬಿಡುತ್ತಾ ನಳನಳಿಸುತ್ತಿವೆ. ಮನೆಗೆ ಬಂದ ಅತ್ತಿಗೆ, “ಮೀನೇ ಇಲ್ಲದ ತೊಟ್ಟಿಗೆ ದಿನಾ ಇದೆಂಥ ಉಪಚಾರ ಮಾರಾಯಾ?” ಎಂದು ನಕ್ಕರು. ಮೀನು ತರಬಹುದಿತ್ತು. ಆದರೆ ಇದು ಯಾರು ತೋರಿಸಿದ ಸೊನ್ನೆ?

ಇದನ್ನು ತಿಳಿಯಲು ಇಲ್ಲಿಂದ ಮುಂದೆ ಅಮೋನಿಯಾವನ್ನು ನಾನೇ ಅಳೆದು ಹಾಕತೊಡಗಿದೆ, ಅದಕ್ಕೆ ಅಮೋನಿಯಂ ಕ್ಲೋರೈಡ್ ಬಳಸಿದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು, ಆದರೆ ಅದರ ಶುದ್ಧತೆ ಗೊತ್ತಿಲ್ಲದ ಕಾರಣ ಪ್ರಯೋಗಾಲಯ ದರ್ಜೆಯದನ್ನು ತಂದೆ. 10 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ 500 ಮಿ.ಲೀ. ಮಾಡಿಕೊಂಡರೆ ಪ್ರತಿ ಮಿ.ಲೀ.ನಲ್ಲಿ 20 ಮಿ.ಗ್ರಾಂ ಇರುತ್ತದೆ, 55 ಲೀಟರಿಗೆ ಇದರ 17 ಮಿ.ಲೀ. ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ ಏರುತ್ತದೆ. ಸಂಜೆ ಹಾಕುವುದು, ಮರುಸಂಜೆ ಅಳೆಯುವುದು. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಬೇಕು. ಬಂತು.

ಆಮೇಲೆ ಕತ್ತರಿ ಹಿಡಿದೆ. ಉದ್ದ ಬೆಳೆದ ಕಾಂಡಗಳನ್ನೆಲ್ಲ ಅರ್ಧಕ್ಕೆ ಕತ್ತರಿಸಿದೆ, ಅಂತರಗಂಗೆಯಲ್ಲಿ ಹೆಚ್ಚಿನದನ್ನು ತೆಗೆದು ಪಕ್ಕದ ಬಕೆಟಿಗೆ ಹಾಕಿದೆ. ಮತ್ತೆ ಅದೇ 17 ಮಿ.ಲೀ. ಮರುದಿನ ಅಮೋನಿಯಾ ಟ್ಯೂಬ್ ತಿಳಿಹಸಿರು, ನೈಟ್ರೈಟ್ ಟ್ಯೂಬ್ ನೇರಳೆ. ಅಂದರೆ ಅಷ್ಟು ದಿನ ಹೊರೆಯ ಬಹುಪಾಲನ್ನು ಗಿಡಗಳೇ ಹೊತ್ತಿದ್ದವು. ಇದರಲ್ಲಿ ತಪ್ಪೇನಿಲ್ಲ, ಗಿಡ ತಿಂದರೂ ಅಮೋನಿಯಾ ಹೋದಂತೆಯೇ. ಆದರೆ ಗಿಡಗಳ ತೊಟ್ಟಿ ಇಟ್ಟವರು ಕತ್ತರಿ ಆಡಿಸಲೇಬೇಕು. ಮೀನು ತುಂಬಿದ ಮೇಲೆ ಒಂದು ಭಾನುವಾರ ಇಷ್ಟನ್ನೂ ಕತ್ತರಿಸಿದ್ದರೆ ಸೋಮವಾರ ಏನಾಗುತ್ತಿತ್ತು ಎಂಬುದನ್ನು ಈ ಪರೀಕ್ಷೆ ಮೀನಿಲ್ಲದಾಗಲೇ ತೋರಿಸಿಕೊಟ್ಟಿತು. ಅಂತರಗಂಗೆಯನ್ನು ಬಕೆಟಿನಲ್ಲೇ ಉಳಿಸಿ, ಅಮೋನಿಯಾ ಮುಗಿದಾಗಲೆಲ್ಲ ಇನ್ನೊಂದಿಷ್ಟು ಹಾಕುತ್ತಾ ಹೋದೆ. ಗಿಡ ಕುಳ್ಳಗಿದ್ದಾಗಲೂ ಒಂದೇ ದಿನದಲ್ಲಿ ಎರಡೂ ಸೊನ್ನೆಯಾಗತೊಡಗಿದ ಮೇಲೆ ಫಿಲ್ಟರಿನ ಮೇಲೆ ಭರವಸೆ ಬಂತು.

ಈ ಹಂತದಲ್ಲಿ ಉಡುಪಿಯ ಗೆಳೆಯನೊಬ್ಬನ ತೊಟ್ಟಿ ಅಲ್ಲಾಡದೆ ನಿಂತುಬಿಟ್ಟಿತ್ತು. ಅಮೋನಿಯಾ ಇಳಿಯುತ್ತಲೇ ಇರಲಿಲ್ಲ. ಕಾರಣ ನೀರು. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಕರಗಿಸುವಾಗ ಪಿಎಚ್ ಕುಸಿಯದಂತೆ ಹಿಡಿದಿಡುವ ನೀರಿನ ಕ್ಷಾರತೆಯನ್ನೂ ತಿನ್ನುತ್ತವೆ. ಪ್ರತಿ 2 ಪಿಪಿಎಂ ಅಮೋನಿಯಾಕ್ಕೆ ಸುಮಾರು 12 ಪಿಪಿಎಂನಷ್ಟು. ನಮ್ಮ ಕೊಳವೆಬಾವಿ ನೀರಿಗೆ ಇದು ಲೆಕ್ಕಕ್ಕೇ ಇಲ್ಲ. ಮುರಕಲ್ಲು ನೆಲದ ಬಾವಿಯ ಮೆದು ನೀರಿನಲ್ಲಿ ಕೆಲವೇ ಸಲದಲ್ಲಿ ಅದು ಖಾಲಿಯಾಗಿ, ಪಿಎಚ್ ಕುಸಿದು, ಬ್ಯಾಕ್ಟೀರಿಯಾ ಕೈಚೆಲ್ಲಿ ಕೂರುತ್ತವೆ. ಅಕ್ವಾಸಾಯಿಲ್ ಇದ್ದರೆ ಇನ್ನೂ ಬೇಗ. ಕಳೆದುಹೋದ ಕ್ಷಾರತೆ ಮರಳಲೆಂದು ಅವನು ತೊಳೆದು ಒಣಗಿಸಿದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಪುಡಿ ಮಾಡಿ, ಬಲೆಯ ಚೀಲದಲ್ಲಿ ಫಿಲ್ಟರಿನ ಬಳಿ ಇಟ್ಟ. ವಾರದೊಳಗೆ ತೊಟ್ಟಿ ಚಲಿಸತೊಡಗಿತು.

ಮೀನು ತರುವ ಹಿಂದಿನ ದಿನ ಮುಕ್ಕಾಲು ಪಾಲು ನೀರು ಬದಲಿಸಿದೆ. ಅಂತರಗಂಗೆ ತೊಟ್ಟಿಗೆ ಮರಳಿತು. ಮೊದಲು ಬಂದದ್ದು ಆರು ಜೀಬ್ರಾ ಡೇನಿಯೋಗಳು, ಗಟ್ಟಿ ಜೀವಗಳು. ಮೊದಲ ವಾರ ದಿನಕ್ಕೊಂದು ಚಿಟಿಕೆ ಆಹಾರ, ದಿನವೂ ಪರೀಕ್ಷೆ. ಎರಡನೆಯ ತಂಡವನ್ನು ಹದಿನೈದು ದಿನ ಬಿಟ್ಟು ತಂದೆ. ಒಟೋಸಿಂಕ್ಲಸ್‌ನಂಥ ಪಾಚಿ ತಿನ್ನುವ ಮೀನನ್ನು ಇನ್ನೂ ತಡವಾಗಿ ತರಬೇಕು. ಗಾಜಿನ ಮೇಲೆ ಮೇಯುವುದಕ್ಕೆ ಪೊರೆ ಬಲಿಯದ ಹೊಸ ತೊಟ್ಟಿಯಲ್ಲಿ ಅದು ಹಸಿದು ಸಾಯುತ್ತದೆ. ಕತ್ತರಿ ಆಡಿಸುವಾಗ ಈಗ ಒಂದು ವಾರ ಎಡಭಾಗ, ಮುಂದಿನ ವಾರ ಬಲಭಾಗ. ನೈಟ್ರೇಟಿನ ಟ್ಯೂಬಂತೂ ಕೆಂಪಾಗುವುದಿರಲಿ, ಕಿತ್ತಳೆಗೂ ತಿರುಗದೆ ಹಳದಿಯಲ್ಲೇ ನಿಲ್ಲುತ್ತಿತ್ತು. ರೋಟಾಲಾದ ಕೆಳಗಿನ ಎಲೆಗಳು ಹಳದಿಯಾಗಿ ಉದುರಲು ಶುರುವಾದ ಮೇಲೆ, ವಾರಕ್ಕೊಮ್ಮೆ ಚೂರು ಪೊಟ್ಯಾಸಿಯಂ ನೈಟ್ರೇಟನ್ನು ಗಿಡಗಳಿಗೆ ಗೊಬ್ಬರವಾಗಿ ನಾನೇ ಅಳೆದು ಹಾಕುತ್ತಿದ್ದೇನೆ.